ಸೊಪ್ಪಿನ ಹೊರೆ ಮತ್ತು ಹಸಿರು ಬರಹ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ಕಾಡಿನ ಬಗ್ಗೆ ಬರಹಕ್ಕೇನೂ ಬರ ಇಲ್ಲ. ಇಂಗ್ಲಿಷರ ಗೆಜೆಟಿಯರಿದೆ. ಅರಣ್ಯ ಇಲಾಖೆಯ ವರದಿಗಳಿವೆ. ಅಪ್ಪಿಕೋ ಚಳವಳಿಯ ಕರಪತ್ರಗಳಿವೆ, ವಿಜ್ಞಾನಿಗಳ ಪ್ರಬಂಧಗಳಿವೆ, ಕತೆ ಕಾದಂಬರಿಗಳಿವೆ. ಮಳೆ ಹಿಡಿದರೆ ಸಾಕು, ಪುರವಣಿಗಳ ತುಂಬ ಮಲೆನಾಡಿನ ಮೇಲಿನ ಲೇಖನಗಳು ಅಣಬೆಯ ಹಾಗೆ ಏಳುತ್ತವೆ. ಇವನ್ನೆಲ್ಲ ನಾವು ಓದುತ್ತ ಬಂದಿದ್ದೇವೆ, ಕೆಲವನ್ನು ಮೆಚ್ಚಿದ್ದೇವೆ ಕೂಡ. ಆದರೆ ಯಾವುದೇ ಬರಹವನ್ನು ಕೈಗೆತ್ತಿಕೊಂಡರೂ ನಮ್ಮ ಮೊದಲ ಪ್ರಶ್ನೆ ಒಂದೇ. ಇದರಲ್ಲಿ ಹೊರೆ ಹೊತ್ತವರು ಇದ್ದಾರೋ ಇಲ್ಲವೋ?

ಇದು ಕೊಂಕು ತೆಗೆಯುವ ಪ್ರಶ್ನೆ ಅಲ್ಲ. ನಗರ ಹಳ್ಳಿಯನ್ನು ಹೀರುತ್ತದೆ ಅನ್ನೋ ಮಾತನ್ನು ಈಗ ಎಲ್ಲರೂ ಹೇಳ್ತಾರೆ. ಮಂತ್ರಿಗಳೂ ಹೇಳ್ತಾರೆ, ಮಠದವರೂ ಹೇಳ್ತಾರೆ. ಮಾತು ಸುಳ್ಳಲ್ಲ. ಆದರೆ ಹೀರುವ ನಳಿಗೆ ನಗರದಿಂದ ಹೊರಟು ಹಳ್ಳಿಯ ಯಾರ ಅಂಗಳದಲ್ಲಿ ಬಾಯಿ ತೆರೆದಿದೆ, ಆ ಅಂಗಳಕ್ಕೆ ತುಂಬಿಕೊಟ್ಟೋರು ಯಾರು, ತುಂಬಿಕೊಟ್ಟವರಿಗೆ ಸಿಕ್ಕಿದ್ದೇನು ಅಂತ ಕೇಳಿದ ಕೂಡಲೆ ಮಾತು ನಿಂತುಬಿಡುತ್ತದೆ. ಹೀಗೆ ನಿಂತುಹೋದ ಕಡೆಯಿಂದಲೇ ವಿಮರ್ಶೆ ಶುರುವಾಗಬೇಕು.

ಮೊದಲು ಹಳೆಯ ಲೆಕ್ಕ ನೋಡೋಣ. ಈ ಘಟ್ಟಕ್ಕೂ ದೂರದ ಪೇಟೆಗಳಿಗೂ ಇರುವ ಸಂಬಂಧ ನಿನ್ನೆ ಮೊನ್ನೆಯದಲ್ಲ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೆದರು. ಮೆಣಸು ಘಟ್ಟ ಇಳಿದು ಹೊನ್ನಾವರ, ಮಿರ್ಜಾನ, ಭಟ್ಕಳದಿಂದ ಹಡಗು ಹತ್ತುತ್ತಿತ್ತು. ರಾಣಿಯ ಹೆಸರಲ್ಲಿ ಇವತ್ತು ಕಾದಂಬರಿ, ನಾಟಕ, ಉತ್ಸವ ಎಲ್ಲ ಉಂಟು. ಮರ ಹತ್ತಿ ಮೆಣಸಿನ ಕರೆ ಬಿಡಿಸಿದವರ ಜಾತಿಯ ಹೆಸರಾದರೂ ಅವುಗಳಲ್ಲಿ ಬರುತ್ತದೆಯೇ? ಇರಲಿ, ರಾಣಿಯ ಕಾಲ ದೂರದ್ದು.

1862ಕ್ಕೆ ಬನ್ನಿ. ಆ ವರ್ಷ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಇಲ್ಲಿಯ ಜನ ಕೇಳಿಕೊಂಡರು ಅಂತ ಮಾಡಿದ್ದಲ್ಲ. ಅಮೆರಿಕದಲ್ಲಿ 1861ರಿಂದ 1865ರ ತನಕ ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗೆ ಹೋಗುವುದು ನಿಂತಿತು. ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ಧಾರವಾಡ ಸೀಮೆಯ ಹತ್ತಿ ಬೇಕಾಯಿತು. ಹತ್ತಿಗೆ ಬಂದರು ಬೇಕು, ಬಂದರಿಗೆ ದಾರಿ ಬೇಕು. ದಾರಿ ಇದ್ದದ್ದು ನಮ್ಮ ಘಟ್ಟದಲ್ಲಿ. ಬಯಲುಸೀಮೆಯ ಹತ್ತಿ ಗಾಡಿಗಳು ಘಟ್ಟ ಇಳಿದು ಕುಮಟಾ ಮುಟ್ಟಿದವು. ಧಾರವಾಡದ ರೈತ ಬೆಳೆದ ಹತ್ತಿಗೆ ಮುಂಬೈಯಲ್ಲೂ ಇಂಗ್ಲೆಂಡಿನಲ್ಲೂ ‘ಕುಮಟಾ ಹತ್ತಿ’ ಅಂತಲೇ ಹೆಸರು. ಬೆಳೆದ ಊರಿನ ಹೆಸರು ಅಳಿಸಿಹೋಗಿ ಸಾಗಿಸಿದ ಊರಿನ ಹೆಸರು ಉಳಿಯಿತು. ಪೇಟೆಯ ಭಾಷೆ ಕೆಲಸ ಮಾಡೋದೇ ಹೀಗೆ. ಅಮೆರಿಕದ ಕರಿಯ ಗುಲಾಮರ ಬಿಡುಗಡೆಯ ಯುದ್ಧಕ್ಕೂ ನಮ್ಮ ಜಿಲ್ಲೆಯ ಗಡಿಗೆರೆಗೂ ಹೀಗೊಂದು ನಂಟು. ಅದೇ ಹೊತ್ತಿಗೆ ಯಲ್ಲಾಪುರದ ಕಾಡಿನಲ್ಲಿ ಸಿದ್ದಿಗಳು ಇದ್ದರು. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದ ಜನರ ಮೊಮ್ಮಕ್ಕಳು, ಮರಿಮಕ್ಕಳು. ತಪ್ಪಿಸಿಕೊಂಡು ಕಾಡು ಸೇರಿದವರು.

1883ರಲ್ಲಿ ಅಚ್ಚಾದ ಮುಂಬೈ ಪ್ರಾಂತದ ಗೆಜೆಟಿಯರಿನ ಕಾನಡಾ ಸಂಪುಟವನ್ನು ಇವತ್ತಿಗೂ ನಮ್ಮ ಸಂಶೋಧಕರು ವೇದದ ಹಾಗೆ ಉದ್ಧರಿಸುತ್ತಾರೆ. ನಾವೂ ಅದನ್ನು ತಿರುವಿದ್ದೇವೆ. ಮರಗಳ ವಿವರ ಒಂದು ಕಡೆ, ಜಾತಿಗಳ ವಿವರ ಇನ್ನೊಂದು ಕಡೆ. ಎರಡನ್ನೂ ವಿವರಿಸುವ ಧಾಟಿಯಲ್ಲಿ ಹೆಚ್ಚಿನ ಅಂತರ ಇಲ್ಲ. ಯಾವ ಮರ ಯಾತಕ್ಕೆ ಬರುತ್ತದೆ, ಯಾವ ಜನ ಯಾತಕ್ಕೆ ಬರುತ್ತಾರೆ. ಕಚೇರಿಯಲ್ಲಿ ಕೂತು ಹಳ್ಳಿಯನ್ನು ನೋಡುವ ಕಣ್ಣು ಅದು, ಅದಕ್ಕೆ ಎಲ್ಲವೂ ದಾಸ್ತಾನು. ಕುಮ್ರಿ ಬೇಸಾಯ ಮಾಡುವವರನ್ನು ಕಾಡಿನ ಶತ್ರು ಅಂತ ಹೆಸರಿಟ್ಟು ಕಾಡಿನಿಂದ ಹೊರಗೆ ತಳ್ಳಿದ್ದೂ ಇದೇ ಕಣ್ಣು. ಕಾಡು ಸುಟ್ಟು ರಾಗಿ ಬಿತ್ತಿದವನು ಕಳ್ಳ, ತೇಗ ಕಡಿದು ಹಡಗಿನ ಕಟ್ಟೆಗೆ, ರೈಲು ಹಳಿಗೆ ಸಾಗಿಸಿದವನು ಸಾಹೇಬ.

ಇಷ್ಟನ್ನು ನಮ್ಮ ಪ್ರಗತಿಪರರು ಎಲ್ಲರೂ ಒಪ್ಪುತ್ತಾರೆ. ಬೈಯೋದಕ್ಕೆ ಬ್ರಿಟಿಷರು ಸಿಕ್ಕರೆ ಯಾರಿಗೂ ಕಷ್ಟ ಇಲ್ಲ. ಕಷ್ಟ ಶುರುವಾಗುವುದು ಸೊಪ್ಪಿನ ಬೆಟ್ಟದಲ್ಲಿ.

ದೂರದ ಓದುಗರಿಗೆ, ಅದರಲ್ಲೂ ಬಯಲುಸೀಮೆಯ ಗೆಳೆಯರಿಗೆ ಸೊಪ್ಪಿನ ಬೆಟ್ಟ ಅಂದರೇನು ಅಂತ ಹೇಳಬೇಕು. ಘಟ್ಟದ ಮೇಲೆ ಅಡಿಕೆ ತೋಟ ಇರುವುದು ಕಣಿವೆಯ ತಳದಲ್ಲಿ, ನೀರು ಹರಿಯುವ ಕಡೆ. ಅದರ ಸುತ್ತ ಮೇಲಕ್ಕೆ ಏರುತ್ತ ಹೋದರೆ ಕಾಡು. ಆ ಕಾಡಿನ ಒಂದು ಪಾಲನ್ನು ತೋಟಕ್ಕೆ ಗೊಬ್ಬರದ ಸಲುವಾಗಿ ಬಿಟ್ಟುಕೊಟ್ಟಿದ್ದಾರೆ. ಭೂಮಿ ಸರಕಾರದ್ದು, ಸೊಪ್ಪು ತೋಟದವರದ್ದು. ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟ. ಇದು ಬ್ರಿಟಿಷರ ಕಾಲದಲ್ಲಿ ಕಾಗದಕ್ಕೆ ಇಳಿದ ಹಕ್ಕು, ಈಗಲೂ ಇದೆ. ಲೆಕ್ಕ ಹಾಕಿ. ಎರಡು ಎಕರೆ ತೋಟ ಉಳ್ಳವನ ಬೆನ್ನಿಗೆ 18 ಎಕರೆ ಕಾಡು. ಗದ್ದೆ ಮಾತ್ರ ಇದ್ದವನಿಗೆ ಈ ಹಕ್ಕು ಇಲ್ಲ. ಗದ್ದೆಯೂ ಇಲ್ಲದವನ ಮಾತು ಬಿಡಿ.

ಬೇಸಿಗೆಯಲ್ಲಿ ದರಕು ಗುಡಿಸಬೇಕು. ಮಳೆ ಬಿದ್ದ ಮೇಲೆ ಹಸಿ ಸೊಪ್ಪು ಕಡಿಯಬೇಕು. ಮರ ಹತ್ತಿ ಕತ್ತಿಯಲ್ಲಿ ಟೊಂಗೆ ಸವರುವುದು ಗಂಡಸರ ಕೆಲಸ, ಹೊರೆ ಕಟ್ಟಿ ತಲೆಯ ಮೇಲಿಟ್ಟು ಜಾರುವ ದಾರಿಯಲ್ಲಿ ಇಳಿಯುವುದು ಹೆಚ್ಚಾಗಿ ಹೆಂಗಸರ ಕೆಲಸ. ಉಂಬಳ ಕಾಲಿಗೆ ಹತ್ತುತ್ತದೆ, ಉಣುಗು ಮೈಗೆ ಹತ್ತುತ್ತದೆ. ಸೊಪ್ಪು ಕೊಟ್ಟಿಗೆಗೆ ಹೋಗುತ್ತದೆ, ದನದ ಕಾಲಡಿಗೆ ಹಾಸಿಗೆಯಾಗುತ್ತದೆ, ಸಗಣಿ ಗಂಜಲದಲ್ಲಿ ನೆನೆದು ಗೊಬ್ಬರಗುಂಡಿ ಸೇರುತ್ತದೆ. ಕೊಳೆತ ಮೇಲೆ ಮತ್ತೆ ಹೊರೆ, ಮತ್ತೆ ತಲೆ, ತೋಟದ ಪ್ರತಿ ಮರದ ಬುಡಕ್ಕೆ ಬುಟ್ಟಿ ಬುಟ್ಟಿ. ಆಮೇಲೆ ಕೊನೆ ಕೊಯ್ಯುವವನು ಬರಬೇಕು. ಅಡಿಕೆ ಸುಲಿಯಲು ರಾತ್ರಿ ಹೆಂಗಸರು ಸಾಲಾಗಿ ಕೂರಬೇಕು. ಬೇಯಿಸಬೇಕು, ಒಣಗಿಸಬೇಕು. ಶಿರಸಿಯ ಪೇಟೆಯಲ್ಲಿ ಅಡಿಕೆ ರಾಶಿ ಬಿದ್ದು ದರ ಕೂಗುವ ಹೊತ್ತಿಗೆ ಈ ಸೊಪ್ಪು, ಈ ತಲೆ, ಈ ರಾತ್ರಿ ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಕೆಂಪಡಿಕೆ, ಚಾಲಿ ಅಂತ ಎರಡು ಹೆಸರು ಮಾತ್ರ ಕಾಣುತ್ತದೆ. ಅಲ್ಲಿಂದ ಗುಜರಾತಿಗೆ, ಉತ್ತರದ ಪೇಟೆಗಳಿಗೆ ಲಾರಿ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಭೂಗೋಳಕ್ಕೆ ಮುದ್ರೆ ಬಿತ್ತು. ಭುಜಕ್ಕೆ?

ಈ ತೋಟಗಳನ್ನು ಹವ್ಯಕರ ಜಾಣತನದ ಕೂಸು, ಕಾಡು ಮತ್ತು ಕೃಷಿಯ ಮದುವೆ ಅಂತ ಹೊಗಳುವ ಬರಹ ಬೇಕಾದಷ್ಟಿದೆ. ಜಾಣತನ ಇದೆ, ಇಲ್ಲ ಅನ್ನುವುದಿಲ್ಲ. ಸಣ್ಣ ತೋಟದ ಹವ್ಯಕರು ತಾವೇ ಗೊಬ್ಬರ ಹೊತ್ತದ್ದೂ ನಮಗೆ ಗೊತ್ತು. ಆದರೆ ದೀವರು, ಕರೆಒಕ್ಕಲಿಗರು, ಚನ್ನಯ್ಯರು, ಕುಣಬಿಗಳು, ಸಿದ್ದಿಗಳು ಈ ಮದುವೆಯಲ್ಲಿ ಎಲ್ಲಿದ್ದರು? ಚಪ್ಪರ ಹಾಕುವುದಕ್ಕೆ, ಎಲೆ ಎತ್ತುವುದಕ್ಕೆ. ಯಲ್ಲಾಪುರದ ತೋಟಗಳಲ್ಲಿ ಸಿದ್ದಿಗಳು ಸಾಲಕ್ಕೆ ಸಿಕ್ಕಿ ತಲೆಮಾರು ತಲೆಮಾರು ದುಡಿದ ಕತೆಯನ್ನು ಹಸಿರು ಬರಹ ಬರೆಯಲಿಲ್ಲ, ಸಮಾಜಶಾಸ್ತ್ರದವರು ಬರೆದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರು ವಿಧಾನ ಪರಿಷತ್ತಿನ ಮೆಟ್ಟಿಲು ಹತ್ತಿದ್ದು 2020ರಲ್ಲಿ. ಕುಣಬಿಗಳು ಇನ್ನೂ ಅರ್ಜಿ ಹಿಡಿದು ನಿಂತಿದ್ದಾರೆ.

ಗಡಿಯಾಚೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಭತ್ತ ಅಳೆಯುವ ಕೊಳಗದ ಮೋಸದ ವಿರುದ್ಧ ಎದ್ದರು. ಗಣಪತಿಯಪ್ಪನವರು ಸಂಘಟಿಸಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಬೆಂಕಿಯ ಕಾವು ಸಿದ್ದಾಪುರಕ್ಕೂ ತಾಗಿತು. 1974ರಲ್ಲಿ ದೇವರಾಜ ಅರಸರ ಭೂ ಸುಧಾರಣೆ ಬಂದಾಗ ಸಾವಿರಾರು ಗೇಣಿದಾರರು ಗದ್ದೆಯ ಒಡೆಯರಾದರು. ದೊಡ್ಡ ಗೆಲುವು. ಆದರೆ ಬೆಟ್ಟ ತೋಟಕ್ಕೆ ಅಂಟಿದ್ದು. ಗದ್ದೆ ಪಡೆದವನು ಗೊಬ್ಬರಕ್ಕೆ ಎಲ್ಲಿಗೆ ಹೋಗಬೇಕು? ಉಳಿದ ಕಾಡಿಗೆ. ಅಲ್ಲಿ ಗಾರ್ಡು ನಿಂತಿದ್ದಾನೆ. ಹೀಗೆ ಒಂದೇ ಗುಡ್ಡದಲ್ಲಿ ಒಂದೇ ಕತ್ತಿಯಿಂದ ಒಂದೇ ಮರದ ಸೊಪ್ಪು ಕಡಿದರೆ ಒಬ್ಬನದು ಹಕ್ಕು, ಇನ್ನೊಬ್ಬನದು ಗುನ್ನೆ. ಯಾವ ಪರಿಸರ ಗ್ರಂಥದಲ್ಲಿ ಈ ವಾಕ್ಯ ಇದೆ, ತೋರಿಸಿ.

ಈಗ ಬಿದಿರಿಗೆ ಬರೋಣ. ಇದು ನಗರ ಹಳ್ಳಿಯ ಸಂಬಂಧದ ಬೆತ್ತಲೆ ಪಾಠ. ದಾಂಡೇಲಿಯ ಕಾಗದ ಕಾರ್ಖಾನೆ 1955ರಲ್ಲಿ ಕಂಪನಿಯಾಗಿ ಹುಟ್ಟಿ 1959ರಲ್ಲಿ ಕಾಗದ ತೆಗೆಯಲು ಶುರು ಮಾಡಿತು. ಸರಕಾರ ಅದಕ್ಕೆ 1958ರಲ್ಲಿ ಬಿದಿರು ಕೊಡಲು ಒಪ್ಪಿದ ದರ ಟನ್ನಿಗೆ ಒಂದೂವರೆ ರೂಪಾಯಿ! ಒಂದೊಂದೇ ಗಳ ಕೊಂಡು ಬುಟ್ಟಿ ಹೆಣೆದು ಸಂತೆಯಲ್ಲಿ ಮಾರುವ ಮೇದಾರನಿಗೆ ಆ ದರ ಕನಸಿನಲ್ಲೂ ಇಲ್ಲ. ಬಿದಿರು ಮುಗಿಯುತ್ತ ಬಂತು. ಬುಟ್ಟಿ ಹೆಣೆಯುವವರು ದೂರು ಹೇಳಿದರು. 1975ರಲ್ಲಿ ರಾಜ್ಯ ಸರಕಾರ ಮಾಧವ ಗಾಡ್ಗೀಳರಿಗೆ ಪರಿಶೀಲನೆ ಮಾಡಿ ಅಂದಿತು. ಅರಣ್ಯ ಇಲಾಖೆಯ ಮತ್ತು ಕಾರ್ಖಾನೆಯ ಮಾತು ಒಂದೇ ಆಗಿತ್ತು. ಹಳ್ಳಿಯವರ ದನ ಮೇಯುತ್ತದೆ, ಹಳ್ಳಿಯವರು ಕಡಿಯುತ್ತಾರೆ, ಅದಕ್ಕೇ ಬಿದಿರು ಏಳುತ್ತಿಲ್ಲ. ಗಾಡ್ಗೀಳರೂ ಅವರ ಜೊತೆಯವರೂ ಮೆಳೆ ಮೆಳೆ ನೋಡಿದರು. ಆಗ ಗೊತ್ತಾದದ್ದೇ ಬೇರೆ. ಬಿದಿರ ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದೆ. ಹೊಸ ಕಳಲೆ ಅದರ ಒಳಗೆ ಏಳುತ್ತದೆ, ದನ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ಕಡಿಯಲು ಸಲೀಸಾಗಲಿ, ಮೆಳೆ ಚೊಕ್ಕಟವಾಗಿರಲಿ ಅಂತ ಆ ಮುಳ್ಳನ್ನೇ ಸವರಿ ಹಾಕಿಸುತ್ತಿದ್ದರು. ಬೇಲಿ ಹೋಯಿತು, ಕಳಲೆಯನ್ನು ದನವೂ ತಿಂದಿತು, ಮುಳ್ಳುಹಂದಿಯೂ ತಿಂದಿತು. ಊರಿನ ಜನ ಈ ಮಾತನ್ನು ಮೊದಲೇ ಹೇಳುತ್ತಿದ್ದರು. ವಿಜ್ಞಾನಿ ಬಂದು ಹೇಳುವ ತನಕ ಅದು ಜ್ಞಾನ ಅನ್ನಿಸಿಕೊಳ್ಳಲಿಲ್ಲ ಅಷ್ಟೆ. ಗಾಡ್ಗೀಳರನ್ನು ನಾವು ಇದಕ್ಕೇ ಗೌರವಿಸುತ್ತೇವೆ. ಅವರು ಆ ಜನರ ಮಾತನ್ನು ತಮ್ಮ ಬರಹದಲ್ಲಿ ಬಿಡಲಿಲ್ಲ.

ಬಿದಿರು ಮುಗಿದ ಮೇಲೆ ಕಾರ್ಖಾನೆ ಸಾಯಲಿಲ್ಲ. ದೂರದ ರಾಜ್ಯಗಳಿಂದ ತರಿಸಿತು, ನೀಲಗಿರಿಯ ಕಡೆ ತಿರುಗಿತು. ಇಲಾಖೆ ಸಹಜ ಕಾಡು ಬೋಳಿಸಿ ನೀಲಗಿರಿ ನೆಟ್ಟಿತ್ತು. ಘಟ್ಟದ ಮಳೆಗೆ ಅದಕ್ಕೆ ರೋಗ ಹತ್ತಿ ಒಣಗಿದ್ದು ಇನ್ನೊಂದು ಕತೆ. ಬಂಡವಾಳಕ್ಕೆ ಒಂದು ಕಾಡು ಮುಗಿದರೆ ಇನ್ನೊಂದು ಕಾಡು ಉಂಟು, ಮೇದಾರನಿಗೆ ಇದ್ದದ್ದು ಒಂದೇ. ಮತ್ತೆ, ನಾವು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು ಗೆಳೆಯರೆ. ಬಂಡಾಯದ ಕವಿತೆಗಳೂ, ಕಾಡು ಉಳಿಸಿ ಅನ್ನೋ ಕರಪತ್ರಗಳೂ ಇಂಥ ಕಾಗದದ ಮೇಲೆಯೇ ಅಚ್ಚಾದವು.

ಬೆಳಕಿನ ಕತೆಯೂ ಇದೇ. ಜೋಗದ ನೀರಿನಿಂದ ಕರೆಂಟು ಹುಟ್ಟಿದ್ದು 1948ರ ಹೊತ್ತಿಗೆ, ಲಿಂಗನಮಕ್ಕಿ ಕಟ್ಟೆ ಮುಗಿದದ್ದು 1964ರಲ್ಲಿ. ಸಿದ್ದಾಪುರದ ಗಡಿಯಲ್ಲಿ ಹುಟ್ಟಿದ ಕರೆಂಟು ಸಿದ್ದಾಪುರದ ಕೇರಿಗಳನ್ನು ದಾಟಿಕೊಂಡು ಬೆಂಗಳೂರಿಗೆ ಹೋಯಿತು. ಈ ಮುಳುಗಡೆಯನ್ನು ಕನ್ನಡ ಸಾಹಿತ್ಯದಲ್ಲಿ ಕಣ್ಣಿಗೆ ಕಟ್ಟುವಂತೆ ಬರೆದವರು ನಾ. ಡಿಸೋಜರು. ಅವರ ‘ದ್ವೀಪ’ ನಮಗೆ ಬಹಳ ಮುಖ್ಯವಾದ ಕೃತಿ. 2002ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಚಲನಚಿತ್ರ ಮಾಡಿದಾಗ ದೇಶವೇ ನೋಡಿತು. ನೀರು ಏರುತ್ತಿರುವಾಗ ಗುಡ್ಡದ ಮೇಲೆ ಉಳಿದ ಗಣಪಯ್ಯನ ಮನೆಯ ಸಂಕಟ ಸುಳ್ಳಲ್ಲ. ಆದರೆ ಕೃತಿಯ ಕಣ್ಣು ಆ ಮನೆಯ ಜಗುಲಿ ಬಿಟ್ಟು ಇಳಿಯುವುದು ಕಡಿಮೆ. ಬಿಟ್ಟು ಹೋಗುವುದಕ್ಕೆ ಮನೆ ಇದ್ದವನಿಗೆ ಪರಿಹಾರದ ಪ್ರಶ್ನೆ ಉಂಟು. ಪರರ ತೋಟದಲ್ಲಿ ದುಡಿದು ಪರರ ಜಾಗದಲ್ಲಿ ಬಿಡಾರ ಹಾಕಿಕೊಂಡವನಿಗೆ ಏನು ಮುಳುಗಿತು ಅಂತ ಯಾವ ಕಚೇರಿ ಬರೆದುಕೊಳ್ಳುತ್ತದೆ? ಕಾದಂಬರಿಯಾದರೂ ಬರೆದುಕೊಳ್ಳಬೇಕಾಗಿತ್ತು. ಶರಾವತಿಯ ಮುಳುಗಡೆಯವರನ್ನು ಲಾರಿಗೆ ತುಂಬಿ ಕಾಡುಗಳಲ್ಲಿ ಇಳಿಸಿದರು. ಆ ಜಾಗದ ಹಕ್ಕುಪತ್ರದ ತಕರಾರು ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. ಇದರ ಮೇಲೆ 2019ರಲ್ಲಿ ಅದೇ ಲಿಂಗನಮಕ್ಕಿಯ ನೀರನ್ನು ಕೊಳವೆಯಲ್ಲಿ ಬೆಂಗಳೂರಿಗೆ ಒಯ್ಯುವ ಮಾತು ಬಂತು. ಬೆಳಕು ಕೊಟ್ಟಾಯಿತು, ಈಗ ನೀರು ಕೊಡಿ!

ಈಗ ಎರಡು ಹೊಳೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಬೇಡ್ತಿ ಹೊಳೆಗೆ ವಿದ್ಯುತ್ ಯೋಜನೆ ಬಂದಾಗ ಯಲ್ಲಾಪುರ, ಶಿರಸಿಯ ತೋಟದವರು ಎದ್ದು ನಿಂತರು. 1923ರಿಂದ ಇರುವ ತೋಟಗಾರರ ಸಹಕಾರಿ ಮಾರಾಟ ಸಂಘ ಅವರ ಬೆನ್ನಿಗಿತ್ತು. 1981ರ ಆರಂಭದಲ್ಲಿ ವಿಜ್ಞಾನಿಗಳನ್ನು, ಅರ್ಥಶಾಸ್ತ್ರಜ್ಞರನ್ನು ಶಿರಸಿಗೆ ಕರೆಸಿ ವಿಚಾರ ಸಂಕಿರಣ ಮಾಡಿ, ಯೋಜನೆಯ ಲಾಭ ನಷ್ಟದ ಲೆಕ್ಕವನ್ನು ಸರಕಾರದ ಮುಖಕ್ಕೆ ಹಿಡಿದರು. ಯೋಜನೆ ನಿಂತಿತು. ಕಾಳಿ ಹೊಳೆಗೆ ಅಂಥ ಸಂಘ ಇರಲಿಲ್ಲ. ಸೂಪಾ ಊರೇ ಮುಳುಗಿ ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು, ಜನ ರಾಮನಗರ ಸೇರಿದರು. ಆಮೇಲೆ ಯಲ್ಲಾಪುರ ತಾಲ್ಲೂಕಿನಲ್ಲೇ ಕೊಡಸಳ್ಳಿ ಕಟ್ಟೆ ಎದ್ದಿತು, ಕೆಳಗೆ ಕದ್ರಾ, ಅದರ ಹತ್ತಿರ ಕೈಗಾ ಅಣುಸ್ಥಾವರ. ಬೇಡ್ತಿ ಉಳಿದದ್ದು ತಪ್ಪು ಅಂತ ನಾವು ಹೇಳುತ್ತಿಲ್ಲ, ಉಳಿಯಬೇಕಾದದ್ದೇ. ಲೆಕ್ಕ ಬರೆಯುವ ಕೈ ಇದ್ದ ಕಡೆ ಹೊಳೆ ಉಳಿಯಿತು, ಇಲ್ಲದ ಕಡೆ ಊರು ಮುಳುಗಿತು ಅಂತ ಹೇಳುತ್ತಿದ್ದೇವೆ. ಇವತ್ತು ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ವಿರುದ್ಧ ಮತ್ತೆ ಸಭೆಗಳು ನಡೆಯುತ್ತಿವೆ, ಮಠದವರು ಮುಂದೆ ನಿಂತಿದ್ದಾರೆ. ಆ ಸಭೆಗಳಿಗೆ ನಾವೂ ಹೋಗಬೇಕು. ಹೋದಾಗ ಎಲ್ಲಿ ಕೂರುತ್ತೇವೆ ಅನ್ನೋದನ್ನೂ ನೋಡಿಕೊಳ್ಳಬೇಕು.

ಅಪ್ಪಿಕೋ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮಳೆಯಲ್ಲಿ ನಡೆದು ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಪ್ಲೈವುಡ್ಡಿಗೆ, ತೇಗದ ನೆಡುತೋಪಿಗೆ ಅಂತ ಸಹಜ ಕಾಡು ಬೀಳುತ್ತಿದ್ದ ಕಾಲ ಅದು. ಆ ಅಪ್ಪುಗೆಯಿಂದ ಹಸಿರು ಮರ ಕಡಿಯುವುದಕ್ಕೆ ತಡೆ ಬಂತು. ಇದು ಈ ನೆಲದ ಹೆಮ್ಮೆ. ನಮ್ಮ ತಕರಾರು ಚಳವಳಿಯ ಮೇಲಲ್ಲ, ಅದರ ಮೇಲೆ ಬಂದ ಬರಹದ ಮೇಲೆ. ಕೊಡಲಿ ಹಿಡಿದು ಬಂದವರಿಂದ ಇನ್ನು ಮರ ಕಡಿಯುವುದಿಲ್ಲ ಅಂತ ಆಣೆ ಮಾಡಿಸಿದರು ಅನ್ನುವ ವಿವರ ಆ ಬರಹಗಳಲ್ಲಿ ಬರುತ್ತದೆ. ಓದುಗ ಅಲ್ಲಿ ಚಪ್ಪಾಳೆ ತಟ್ಟಬೇಕು. ಕೊಡಲಿಯವನು ಯಾರು? ಕಂಟ್ರಾಕ್ಟುದಾರನ ಕೂಲಿ. ಯಾವ ಊರಿನವನು, ಯಾವ ಜಾತಿಯವನು, ದಿನಕ್ಕೆ ಎಷ್ಟು ಸಿಗುತ್ತಿತ್ತು, ಆಣೆ ಮಾಡಿದ ರಾತ್ರಿ ಅವನ ಒಲೆ ಉರಿಯಿತೋ ಇಲ್ಲವೋ? ಕಂಟ್ರಾಕ್ಟುದಾರ ಆಣೆ ಮಾಡಲಿಲ್ಲ, ಕಾರ್ಖಾನೆಯ ಮಾಲೀಕ ಆಣೆ ಮಾಡಲಿಲ್ಲ. ದೇವರ ಹೆದರಿಕೆ ಇದ್ದವನು ಆಣೆ ಮಾಡಿದ. ಆ ಕೂಲಿಯ ಕಡೆಯಿಂದ ಬರೆದ ಒಂದು ಕತೆ ಕನ್ನಡದಲ್ಲಿ ಬಂದಿದ್ದರೆ ಅಪ್ಪಿಕೋ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

ಈ ವಿಷಯಕ್ಕೆ ಚೀನಾದ ಉದಾಹರಣೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಎಪ್ಪತ್ತರ ದಶಕದಲ್ಲಿ ಹಳ್ಳಿಗಳು ನಗರವನ್ನು ಸುತ್ತುವರಿಯಬೇಕು ಅನ್ನೋ ಮಾವೋನ ಮಾತನ್ನು ಹಾಸ್ಟೆಲಿನ ಗೋಡೆಗಳ ಮೇಲೆ ಬರೆದವರು ಎಷ್ಟೋ ಜನ. ನಾವು ಬೇರೆ ಚೀನಾವನ್ನು ನೋಡೋಣ ಅಂತಿದ್ದೇವೆ. ಎಫ್. ಎಚ್. ಕಿಂಗ್ ಅನ್ನುವ ಅಮೆರಿಕದ ಮಣ್ಣು ವಿಜ್ಞಾನಿಯ ಪುಸ್ತಕ 1911ರಲ್ಲಿ ಅಚ್ಚಾಯಿತು. ಚೀನಾದ ನೆಲ ನಾಲ್ಕು ಸಾವಿರ ವರ್ಷ ಉತ್ತರೂ ಸತ್ವ ಕಳೆದುಕೊಳ್ಳಲಿಲ್ಲ ಯಾಕೆ ಅನ್ನುವುದು ಅವನ ಪ್ರಶ್ನೆ. ಅವನಿಗೆ ಸಿಕ್ಕ ಉತ್ತರಗಳಲ್ಲಿ ಒಂದು ಮಲ. 1908ರಲ್ಲಿ ಶಾಂಘೈ ನಗರದ ಪರದೇಶಿ ವಸತಿ ಪ್ರದೇಶದ ಮಲ ಎತ್ತುವ ಗುತ್ತಿಗೆಯನ್ನು ಒಬ್ಬ ಚೀನೀ ಗುತ್ತಿಗೆದಾರ 31 ಸಾವಿರ ಡಾಲರ್ ಕೊಟ್ಟು ಹಿಡಿದ. ವರ್ಷಕ್ಕೆ 78 ಸಾವಿರ ಟನ್ನಿಗೂ ಹೆಚ್ಚು ಮಲ ದೋಣಿಗಳಲ್ಲಿ ಹಳ್ಳಿಗೆ ಹೋಗಿ ಗದ್ದೆ ಸೇರಿತು. ಎತ್ತಿದ್ದಕ್ಕೆ ನಗರ ಕೂಲಿ ಕೊಡಲಿಲ್ಲ, ಎತ್ತುವ ಹಕ್ಕಿಗೆ ನಗರವೇ ಹಣ ಪಡೆಯಿತು! ಹಳ್ಳಿ ಅಕ್ಕಿ ಕಳಿಸುತ್ತದೆ, ನಗರ ಗೊಬ್ಬರ ಕಳಿಸುತ್ತದೆ. ಹಳ್ಳಿಯಿಂದ ಹೋದದ್ದರ ಒಂದು ಪಾಲು ಹಳ್ಳಿಗೆ ಮರಳುತ್ತದೆ. ಬಂಡವಾಳಶಾಹಿ ಬೇಸಾಯ ದುಡಿಯುವವನನ್ನೂ ಮಣ್ಣನ್ನೂ ಒಟ್ಟಿಗೆ ದೋಚುತ್ತದೆ ಅಂತ ಮಾರ್ಕ್ಸ್ 1867ರಲ್ಲೇ ಬರೆದದ್ದು ಈ ಮರಳುವಿಕೆ ಕಡಿದುಹೋದದ್ದನ್ನು ನೋಡಿ.

ನಮ್ಮ ತೋಟದಿಂದ ಹೋದ ಅಡಿಕೆಗೆ ಬದಲಾಗಿ ನಗರ ಏನು ಕಳಿಸಿತು? ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ರಸಗೊಬ್ಬರದ ಚೀಲ, ಗುಟ್ಕಾದ ಖಾಲಿ ಪೊಟ್ಟಣ. ಬೆಟ್ಟದ ಸತ್ವ ಸೊಪ್ಪಾಗಿ ತೋಟಕ್ಕೆ, ತೋಟದ ಸತ್ವ ಅಡಿಕೆಯಾಗಿ ಪೇಟೆಗೆ, ಪೇಟೆಯಿಂದ ಯಾರದೋ ಬಾಯಿಗೆ, ಬಾಯಿಂದ ಗೋಡೆಯ ಮೂಲೆಗೆ. ಮುಗಿಯಿತು. ಬೆಟ್ಟ ಬೋಳಾಗುತ್ತ ಬಂದದ್ದನ್ನು ಎಲ್ಲರೂ ನೋಡಿದ್ದೇವೆ.

ಹಾಗಾದರೆ ಚೀನಾದ ದಾರಿಯೇ ಸರಿ ಅಂತ ಬರೆಯೋಣವೇ? ಸಾವಯವ ಕೃಷಿಯ ಗೆಳೆಯರು ಹಾಗೇ ಬರೆಯುತ್ತಾರೆ. ನಮ್ಮ ಕೈ ಅಲ್ಲಿ ತಡೆಯುತ್ತದೆ. ಆ ಮಲವನ್ನು ಬೆಳಗಿನ ಜಾವ ಮನೆ ಮನೆಯಿಂದ ಎತ್ತಿದ ಬಡವರಿದ್ದರು. ಬೀಜಿಂಗಿನಲ್ಲಿ ಬೀದಿ ಬೀದಿಗಳನ್ನು ಹಂಚಿಕೊಂಡು ಎತ್ತುವವರನ್ನು ಹಿಂಡಿದ ಧಣಿಗಳಿಗೆ ಮಲದ ಪಾಳೇಗಾರರು ಅನ್ನುವ ಅರ್ಥದ ಹೆಸರೇ ಇತ್ತು. ಆದರೂ ಅಲ್ಲಿ ಅದು ಬಡತನದ ಕೆಲಸ, ಹುಟ್ಟಿನ ಕೆಲಸ ಅಲ್ಲ. ಇಲ್ಲಿ? ಇಲ್ಲಿ ಮಲಕ್ಕೆ ಜಾತಿ ಕಟ್ಟಿದರು. ಮಣ್ಣಿಗೆ ಹೋಗಬೇಕಾದ ಸತ್ವವನ್ನು ಒಂದು ಜನದ ತಲೆಯ ಮೇಲೆ ಹೊರಿಸಿ ಆ ಜನವನ್ನೇ ಅಸ್ಪೃಶ್ಯ ಅಂದರು. ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1973ರಲ್ಲಿ ಅವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಅಂದದ್ದಕ್ಕೆ ನಾಡೆಲ್ಲ ಬೊಬ್ಬೆ ಎದ್ದಿತು. ಮಲ ಹೊರಿಸಿದ್ದಕ್ಕೆ ಅಷ್ಟು ಬೊಬ್ಬೆ ಯಾವತ್ತೂ ಎದ್ದಿರಲಿಲ್ಲ. ನಿಷೇಧವಾಗಿ ಮೂವತ್ತು ವರ್ಷ ದಾಟಿದ ಮೇಲೆ, 2010ರ ಜುಲೈನಲ್ಲಿ, ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಇರುವ ಮನೆಯನ್ನೂ ಬಿಡಿಸುತ್ತಿದ್ದಾರೆ ಅಂತ ಪುರಸಭೆಯ ಎದುರು ಮೈಗೆ ಮಲ ಸುರಿದುಕೊಂಡು ನಿಂತರು. ಸವಣೂರಿನಂಥ ಊರು ಶಿರಸಿಯ ಬಸ್ಸಿಗೆ ಅರ್ಧ ದಿನದ ದಾರಿಯೂ ಅಲ್ಲ.

ಆದ್ದರಿಂದ ಸತ್ವ ಮರಳಲಿ ಅನ್ನುವಾಗ ಯಾರ ತಲೆಯ ಮೇಲೆ ಅಂತ ನಾವು ಕೇಳಲೇಬೇಕು. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಹೊಗಳಲು ನಿರಾಕರಿಸಿದರು. ಹಳ್ಳಿ ಅಜ್ಞಾನದ, ಸಣ್ಣತನದ, ಜಾತೀಯತೆಯ ಗೂಡು ಅನ್ನುವ ಅರ್ಥದ ಮಾತಾಡಿದರು. ನಗರ ದೋಚುತ್ತದೆ ನಿಜ. ಆದರೆ ಹುಬ್ಬಳ್ಳಿಗೋ ಮುಂಬೈಗೋ ಬೆಂಗಳೂರಿಗೋ ಹೋದ ಹುಡುಗ ಹೋಟೆಲಿನಲ್ಲಿ ಲೋಟ ತೊಳೆದರೂ ಆ ಲೋಟದಲ್ಲೇ ಚಹಾ ಕುಡಿಯುತ್ತಾನೆ. ಊರಿನಲ್ಲಿ ಅವನ ಅಪ್ಪನಿಗೆ ತೆಂಗಿನ ಚಿಪ್ಪು. ನಗರ ಹಳ್ಳಿಯ ಸಂಬಂಧವನ್ನು ಬರಿ ದೋಚುವಿಕೆಯ ಸಂಬಂಧ ಅಂತ ಬರೆಯುವವರು ಈ ಚಹಾದ ಲೆಕ್ಕವನ್ನು ಬಿಟ್ಟಿದ್ದಾರೆ. ಚೀನಾದಲ್ಲೂ ಈ ಬಾಗಿಲು ಮುಚ್ಚಿದಾಗ ಏನಾಯಿತು ಗೊತ್ತಿದೆ. 1958ರಲ್ಲಿ ಹಳ್ಳಿಯವನು ಹಳ್ಳಿಯಲ್ಲೇ ಇರಬೇಕು ಅಂತ ನೋಂದಣಿಯ ಕಾನೂನು ಬಿಗಿ ಮಾಡಿದರು. ಮುಂದಿನ ಮೂರು ವರ್ಷದ ಬರಗಾಲದಲ್ಲಿ ನಗರಕ್ಕೆ ಪಡಿತರ ಹೋಯಿತು, ಧಾನ್ಯ ಬೆಳೆದ ಹಳ್ಳಿಗಳಲ್ಲಿ ಕೋಟಿಗಟ್ಟಲೆ ಜನ ಸತ್ತರು. ಗೋಡೆಯ ಮೇಲೆ ಮಾವೋನ ಮಾತು ಬರೆದವರು ಇದನ್ನೂ ಬರೆಯಬೇಕು.

ಇನ್ನೊಂದು ಹೊರೆಯ ವಿಷಯ ಉಳಿದಿದೆ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದರು, ಪುಣೆಯ ಪ್ರಯೋಗಾಲಯದವರು ವೈರಸ್ ಹಿಡಿದರು. ಸತ್ತ ಮಂಗನ ಮೈಯಿಂದ ಇಳಿದ ಉಣುಗು ದರಕಿನಲ್ಲಿ ಕೂತಿರುತ್ತದೆ. ದರಕು ಗುಡಿಸಲು, ಕಟ್ಟಿಗೆ ತರಲು ಹೋದವರನ್ನು ಕಚ್ಚುತ್ತದೆ. ಜ್ವರ, ತಲೆಸಿಡಿತ, ರಕ್ತಸ್ರಾವ. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಅದು ಮತ್ತೆ ಜೋರಾಗಿ ಬಂತು, ಜನ ಸತ್ತರು. ಇದ್ದ ಲಸಿಕೆ ಸಾಲದು ಅಂತ 2022ರಲ್ಲೇ ನಿಲ್ಲಿಸಿದ್ದರು. ಅರವತ್ತೈದು ವರ್ಷದಲ್ಲಿ ಒಂದು ಗಟ್ಟಿ ಲಸಿಕೆ ಬರಲಿಲ್ಲ. ಈ ಉಣುಗು ಬೆಂಗಳೂರಿನ ಪಾರ್ಕಿನಲ್ಲಿ ಇದ್ದಿದ್ದರೆ? ಕಾಡಿಗೆ ಹೋಗಬೇಡಿ ಅಂತ ಆಗ ಹೇಳಿದರು. ಕಾಡಿಗೆ ಹೋಗದೆ ಇರುವ ಸವಲತ್ತು ಯಾರಿಗಿದೆ ಅಂತ ಹೇಳಿದವರು ಕೇಳಲಿಲ್ಲ.

ಕಾಡಿಗೆ ಹೋದದ್ದಕ್ಕೆ ಈ ಜನರ ಹತ್ತಿರ ಜ್ವರದ ಚೀಟಿ ಇದೆ, ಹಕ್ಕಿನ ಚೀಟಿ ಇಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನ ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಬಾಳಿದ್ದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಅದು ಈ ಜಿಲ್ಲೆಯಲ್ಲಿ ಜಂಗಲ್ ಸತ್ಯಾಗ್ರಹ ನಡೆದ ವರ್ಷ. ತೋಟದವರ ಬೆಟ್ಟಕ್ಕೆ ಬ್ರಿಟಿಷರ ಕಾಲದ ಸರ್ವೆ ನಂಬರಿದೆ. ಆ ಬೆಟ್ಟದಲ್ಲೇ ಸೊಪ್ಪು ಕಡಿದ ದೀವರವನಿಗೆ, ಚನ್ನಯ್ಯನಿಗೆ, ಕುಣಬಿಗೆ ಏನಿದೆ? ಉತ್ತರ ಕನ್ನಡದಲ್ಲಿ ಅರ್ಜಿಗಳು ರಾಶಿ ರಾಶಿಯಾಗಿ ತಿರಸ್ಕೃತವಾದವು. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತವಾದವರನ್ನು ಎಬ್ಬಿಸಿ ಅಂತ ಹೇಳಿ, ಅದೇ ತಿಂಗಳ 28ರಂದು ಅದನ್ನು ತಡೆಹಿಡಿಯಿತು. ಕತ್ತಿ ಇನ್ನೂ ತೂಗುತ್ತಿದೆ.

ಆದರೆ ಅದೇ ಕಾಯಿದೆಯ 2008ರ ನಿಯಮಗಳಲ್ಲಿ 13ನೆಯ ನಿಯಮ ಇದೆ. ಕಾಗದ ಮಾತ್ರ ಸಾಕ್ಷಿ ಅಲ್ಲ, ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ ಅಂತ ಅದು ಹೇಳುತ್ತದೆ. ಹಳ್ಳಿ ಶಾಲೆಯ ಮಾಸ್ತರುಗಳೂ ಕಾಲೇಜಿನ ಹುಡುಗ ಹುಡುಗಿಯರೂ ಈ ಬೇಸಿಗೆಯಲ್ಲಿ ಕೇರಿಯ ಎಂಬತ್ತು ದಾಟಿದ ಅಜ್ಜ ಅಜ್ಜಿಯರ ಹತ್ತಿರ ಕೂತು ಬರೆದುಕೊಳ್ಳಿ. ಎಷ್ಟನೆಯ ವಯಸ್ಸಿನಲ್ಲಿ ಮೊದಲ ಹೊರೆ ಹೊತ್ತಿದ್ದು, ಯಾವ ಗುಡ್ಡ, ಯಾವ ಮರದ ಸೊಪ್ಪು, ಯಾರ ತೋಟಕ್ಕೆ, ದಿನಕ್ಕೆ ಎಷ್ಟು ಹೊರೆ, ಎಷ್ಟು ಸೇರು ಭತ್ತ, ಅವರ ಅಪ್ಪ ಅವ್ವ ಎಲ್ಲಿ ಬಿಡಾರ ಹಾಕಿದ್ದರು. ಹೆಸರು, ಹೆಬ್ಬೆಟ್ಟು, ತಾರೀಖು ಬಿಡಬೇಡಿ. ಒಂದು ಪ್ರತಿ ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಡಿ, ಇನ್ನೊಂದು ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ.